ಟೈಲ್ಸ್ ಮಾವ

ನಮ್ಮ ಕಡೆ ಮನೆ ಕಟ್ಟಿಸಲು ಎಂಜಿನಿಯರ್ ಇರಲೇಬೇಕು ಅಂತೇನಿಲ್ಲ. ಪಾಯ ತೆಗೆಯುವ ದಿನವನ್ನು ಐನೋರು ಹೇಳುತ್ತಾರೆ, ಗೋಡೆಯ ಲೆಕ್ಕವನ್ನು ಮೇಸ್ತ್ರಿ ಹೇಳುತ್ತಾನೆ, ಬಚ್ಚಲು ಯಾವ ಮೂಲೆಗೆ ಬರಬೇಕು ಎಂಬುದನ್ನು ವಾಸ್ತುವಿನವನು ಹೇಳುತ್ತಾನೆ. ಪ್ಲಾಸ್ಟರಿಂಗ್ ಮುಗಿದು ನೆಲದ ಮಾತು ಬಂದಾಗ ಮಾತ್ರ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಒಬ್ಬರಿಗೆ ಫೋನ್ ಹೋಗುತ್ತದೆ. ಅವರೇ ಟೈಲ್ಸ್ ಮಾವ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ಯಾವ ಬಳಗದಲ್ಲಿ ಹುಡುಕಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಾನು ಹೇಳಹೊರಟವರು ಹೊನ್ನಾಳಿಯವರು. ಮಗಳನ್ನು ಚನ್ನಗಿರಿಗೆ ಕೊಟ್ಟಿದ್ದಾರೆ, ಸೊಸೆಯನ್ನು ಜಗಳೂರಿನಿಂದ ತಂದಿದ್ದಾರೆ, ಅವರ ಹೆಂಡತಿ, ಅಂದರೆ ನಮ್ಮ ಅತ್ತೆಯ ತವರು ನ್ಯಾಮತಿ. ಹೀಗಾಗಿ ಅವರ ಕ್ಷೇತ್ರ ಶಾಸಕರ ಕ್ಷೇತ್ರಕ್ಕಿಂತ ದೊಡ್ಡದು. ಶಾಸಕರು ಗೃಹಪ್ರವೇಶಕ್ಕೆ ಬಂದು ಹೋಳಿಗೆ ಊಟ ಮಾಡಿ ಹೋಗುತ್ತಾರೆ. ಮಾವ ಅದಕ್ಕೂ ಎರಡು ತಿಂಗಳು ಮೊದಲೇ ಬಂದು ಮನೆಯವರ ನಿದ್ದೆ ಕೆಡಿಸಿ ಹೋಗಿರುತ್ತಾರೆ.

ಅವರಿಗೆ ಈ ವಿದ್ಯೆ ಬಂದದ್ದು ಪುಸ್ತಕದಿಂದಲ್ಲ, ಸ್ವಂತ ನಡುಮನೆಯಿಂದ. ಅವರು ಮನೆ ಕಟ್ಟಿಸುವಾಗ ಊರಿನ ಮೇಸ್ತ್ರಿಗೆ ಗೊತ್ತಿದ್ದದ್ದು ಸಿರಾಮಿಕ್ ಟೈಲ್ಸ್ ಮಾತ್ರ. ಗೋಡೆಗೆ ಹಚ್ಚುವ ಆ ಸಿರಾಮಿಕ್ಕು ತನ್ನ ತೂಕದ ನೂರಕ್ಕೆ ಹತ್ತು ಪಾಲಿಗೂ ಮೀರಿ ನೀರು ಕುಡಿಯುತ್ತದೆ. ಒಣಗಿದ್ದನ್ನೇ ಹಚ್ಚಿದರೆ ಸಿಮೆಂಟಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಸಿಮೆಂಟು ಹಿಡಿಯುವ ಮೊದಲೇ ಪುಡಿಯಾಗುತ್ತದೆ. ಅದಕ್ಕೇ ಅದನ್ನು ರಾತ್ರಿ ಡ್ರಮ್ಮಿನಲ್ಲಿ ನೆನೆಸಿಟ್ಟು ಬೆಳಗ್ಗೆ ಹಚ್ಚುವ ಪದ್ಧತಿ. ಮಾವ ತಂದದ್ದು ವಿಟ್ರಿಫೈಡ್. ಅದು ಕುಡಿಯುವ ನೀರು ನೂರಕ್ಕೆ ಅರ್ಧ ಪಾಲೂ ಇಲ್ಲ. ಮೇಸ್ತ್ರಿ ಅದನ್ನೂ ಹೋಳಿಗೆಯ ಕಡಲೆಬೇಳೆಯಂತೆ ನೆನೆಹಾಕಿದ. ಬೆನ್ನಿನ ಮೇಲೆ ನೀರಿನ ಪದರ ಹೊತ್ತುಕೊಂಡೇ ಅದು ನೆಲದ ಮೇಲೆ ಕೂತಿತು, ಕೆಳಗಿನ ಸಿಮೆಂಟಿನ ಜೊತೆ ಸಂಬಂಧ ಬೆಳೆಸಲಿಲ್ಲ. ಸಾಲದ್ದಕ್ಕೆ ನೋಡಲು ಚೆಂದ ಎಂದು ಜಾಯಿಂಟಿಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಒಂದಕ್ಕೊಂದು ಒತ್ತಿ ಕೂರಿಸಿದ್ದ. ಏಪ್ರಿಲ್ ಬಿಸಿಲು ಏರಿದ ಒಂದು ಮಧ್ಯಾಹ್ನ ನಡುಮನೆಯಲ್ಲಿ ಪಟಾಕಿ ಹೊಡೆದಂತೆ ಸದ್ದಾಗಿ, ನಾಲ್ಕು ಟೈಲ್ಸು ಎದುರುಬದುರು ಎದ್ದು ಡೇರೆ ಹಾಕಿದವು. ಮನೆಮಂದಿ ಭೂಕಂಪ ಎಂದು ಬೀದಿಗೆ ಓಡಿದರು. ಮಾವ ಮಾತ್ರ ಓಡಲಿಲ್ಲ. ಒಂದು ಟೈಲ್ಸು ಎತ್ತಿ ಅದರ ಬೆನ್ನು ನೋಡುತ್ತಾ ನಿಂತರು. ಬೆನ್ನಿಗೆ ಸಿಮೆಂಟಿನ ಒಂದು ಚುಕ್ಕೆಯೂ ಹತ್ತಿರಲಿಲ್ಲ. ಅವರ ಪದವಿ ಪ್ರದಾನ ಆದದ್ದು ಆ ಕ್ಷಣದಲ್ಲಿ.

ಅಂದಿನಿಂದ ಬಳಗದಲ್ಲಿ ಯಾರ ಮನೆ ನೆಲಕ್ಕೂ ಇವರ ಅನುಮತಿ ಬೇಕು.

ಟೈಲ್ಸ್ ತರುವ ದಿನ ಕಾರಿನ ಮುಂದಿನ ಸೀಟು ಇವರದ್ದು. ಹೊನ್ನಾಳಿ, ಜಗಳೂರಿನವರು ದಾವಣಗೆರೆಗೆ ಹೋಗುತ್ತಾರೆ. ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಚನ್ನಗಿರಿಯವರು ಎರಡಕ್ಕೂ ಹೋಗಿ, ಎರಡೂ ಕಡೆಯ ರೇಟು ಬರೆದುಕೊಂಡು, ಮೂರನೆಯ ಕಡೆ ಕೊಳ್ಳುತ್ತಾರೆ. ಮಾವ ಮಾತ್ರ ಎಲ್ಲರನ್ನೂ ದಾವಣಗೆರೆಗೇ ಹೊರಡಿಸುತ್ತಾರೆ. ‘ಅಲ್ಲಿ ಸ್ಟಾಕ್ ಜಾಸ್ತಿ’ ಎಂಬುದು ಹೇಳುವ ಕಾರಣ. ಬೆಣ್ಣೆ ದೋಸೆ ಹೇಳದ ಕಾರಣ. ಸಂಜೆ ಮಂಡಕ್ಕಿ ಮಿರ್ಚಿ ಆಗದೆ ವಾಪಸ್ ಬಂದ ದಿನ ಅವರು ಒಪ್ಪಿಕೊಂಡ ಟೈಲ್ಸು ಒಂದೂ ಇಲ್ಲ.

ಅಂಗಡಿಯವರು ಮಾವನನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ. ‘ಬರ್ರಿ ಮಾವಾರೆ’ ಅನ್ನುತ್ತಾ ಒಂದು ಕಪ್ ಟೀ ಹೆಚ್ಚಿಗೆ ತರಿಸುತ್ತಾರೆ. ಆ ಹೆಚ್ಚಿನ ಟೀ ಕುಡಿಯಲಿಕ್ಕಲ್ಲ. ಮಾವ ಸ್ಯಾಂಪಲ್ ಟೈಲ್ಸನ್ನು ಬೋರಲು ಹಾಕಿ ಅದರ ಬೆನ್ನಿಗೆ ಟೀ ಸುರಿದು ಕೈಗಡಿಯಾರ ನೋಡುತ್ತಾ ಕೂರುತ್ತಾರೆ. ಹೀರಿಕೊಂಡರೆ ಸಿರಾಮಿಕ್, ಹಾಗೇ ನಿಂತರೆ ವಿಟ್ರಿಫೈಡ್. ಬಾಕ್ಸಿನ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ನಿಜ. ಆದರೆ ಅಚ್ಚನ್ನು ನಂಬುವವರು ಮಾವ ಆಗುವುದಿಲ್ಲ. ಆಮೇಲೆ ಬೈಕಿನ ಕೀ ಹೊರಬರುತ್ತದೆ. ‘ಇದು ಡಬಲ್ ಚಾರ್ಜ್, ಬಣ್ಣ ಮೂರು-ನಾಲ್ಕು ಮಿಲಿಮೀಟರ್ ಒಳಗಿನ ತನಕ ಐತೆ. ಅದು ಬರೇ ಮೇಲೆ ಪ್ರಿಂಟು, ಕೆಳಗೆ ಬೇರೇನೇ ಐತೆ’ ಎನ್ನುತ್ತಾ ಎರಡರ ಮೇಲೂ ಗೀರುತ್ತಾರೆ. ಅಂಗಡಿಯ ಹುಡುಗ ಗೀರಿದ್ದನ್ನು ಬಟ್ಟೆಯಿಂದ ಒರೆಸುತ್ತಾನೆ. ಆ ಅಂಗಡಿಯಲ್ಲಿ ಮಾವನಿಗೆಂದೇ ಎತ್ತಿಟ್ಟ ಗೀರಿದ ಸ್ಯಾಂಪಲ್ಲುಗಳಿವೆ ಎಂದು ನನಗೆ ಅನುಮಾನ.

ಬಾಕ್ಸಿನ ಲೆಕ್ಕದಲ್ಲಿ ಅಂಗಡಿಯವರೂ ಮಾವನಿಗೆ ಹೆದರುತ್ತಾರೆ. ಎರಡು-ಎರಡರ ಟೈಲ್ಸು ಬಾಕ್ಸಿಗೆ ನಾಲ್ಕು, ಅಂದರೆ ಹದಿನಾರು ಚದರಡಿ ಎಂದು ವ್ಯಾಪಾರದ ಮಾತು. ಆದರೆ ಟೈಲ್ಸು ಹುಟ್ಟುವುದು 600 ಮಿಲಿಮೀಟರಿಗೆ. ಅದು ಎರಡು ಅಡಿಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆ. ಬಾಕ್ಸು ಬಿಚ್ಚಿ ಹರಡಿದರೆ ಹದಿನೈದೂವರೆ ಅಡಿ. ‘1,200 ಅಡಿಗೆ ನಿಮ್ಮ ಲೆಕ್ಕದಲ್ಲಿ 75 ಬಾಕ್ಸು, ನಮ್ಮ ಲೆಕ್ಕದಲ್ಲಿ 78. ಆ ಮೂರು ಬಾಕ್ಸು ಯಾರಪ್ಪ ಕೊಡ್ತಾರೆ?’ ಎಂದು ಮಾವ ಕೇಳಿದಾಗ ಅಂಗಡಿಯವರು ಫ್ಯಾನಿನ ಕಡೆ ನೋಡುತ್ತಾರೆ. ಇಲ್ಲಿಗೇ ಮುಗಿಯುವುದಿಲ್ಲ. ‘ಅದರ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ ಹಾಕ್ರಿ. ಕಟಿಂಗ್‌ನಾಗೆ ಹೋಗ್ತತೆ, ಒಡೀತತೆ. ನಾಳೆ ಒಂದು ಪೀಸ್ ಬೇಕು ಅಂದ್ರೆ ಆ ಬ್ಯಾಚು ಮತ್ತೆ ಹುಟ್ಟಲ್ಲ, ಬಣ್ಣ ಕೂಡಲ್ಲ.’ ಇದೂ ನಿಜವೇ. ಒಂದೇ ಹೆಸರಿನ ಟೈಲ್ಸು ಬೇರೆ ಬೇರೆ ದಿನ ಸುಟ್ಟರೆ ಬಣ್ಣದಲ್ಲಿ ದಾಯಾದಿಗಳಾಗುತ್ತವೆ. ಈ ಹತ್ತು ಪರ್ಸೆಂಟಿನ ವಿಷಯದಲ್ಲಿ ಮಾವ ಯಾರೊಂದಿಗೂ ರಾಜಿಯಾದದ್ದಿಲ್ಲ.

ಗುಜರಾತಿನ ಮೊರ್ಬಿಯ ಹೆಸರು ಬಂದರೆ ಅವರ ದನಿ ಬದಲಾಗುತ್ತದೆ. ದೇಶದ ಟೈಲ್ಸುಗಳಲ್ಲಿ ಬಹುಪಾಲು ಬೇಯುವುದು ಅಲ್ಲಿ. ಗೋಡೆ ಗಡಿಯಾರಕ್ಕೂ ಅದೇ ಊರು ಹೆಸರುವಾಸಿ. ಬಳಗದವರೆಲ್ಲ ಕಾಶಿ, ಶ್ರೀಶೈಲ ಎಂದು ಟಿಕೆಟ್ ಮಾಡಿಸುವಾಗ ಮಾವ ಮೊರ್ಬಿಗೆ ರೈಲು ಎಲ್ಲಿಂದ ಎಂದು ಕೇಳುತ್ತಾರೆ.

ಅಡಿಕೆಯ ರಾಶಿ ಇಡಿ ಕ್ವಿಂಟಲಿಗೆ ₹50,000 ದಾಟಿದ ಕಾಲದಲ್ಲಿ ಚನ್ನಗಿರಿ ಸೀಮೆಯಲ್ಲಿ ಎದ್ದ ಮನೆಗಳನ್ನು ನೋಡಬೇಕು. ಬೀಗರ ಮನೆಯೂ ಆಗಲೇ ಎದ್ದದ್ದು. ಬೆಳಗ್ಗೆ ಅಡಿಕೆ ಬೆಳೆಗಾರರ ಸಂಘ ತುಮ್ಕೋಸ್‌ನ ದರ ಕೇಳಿಕೊಂಡು ಬೀಗರು ಟೈಲ್ಸಿನ ಅಳತೆ ತೀರ್ಮಾನಿಸುತ್ತಿದ್ದರು. ದರ ಏರಿದ ವಾರ ಎರಡು-ನಾಲ್ಕು, ಇಳಿದ ವಾರ ಎರಡು-ಎರಡು. ಬೆಂಗಳೂರಿನಲ್ಲಿರುವ ಅವರ ಕಿರಿಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ: ಬೆಳ್ಳಗೆ ಹೊಳೆಯುವ ನೆಲ, ಅದರ ಮೇಲೆ ಇಟಲಿಯ ಅಮೃತಶಿಲೆಯ ನರಗಳು, ಒಂದು ಟೈಲ್ಸಿನ ಗೆರೆ ಪಕ್ಕದ್ದಕ್ಕೆ ಕನ್ನಡಿಯಂತೆ ಕೂಡುವ ಬುಕ್ ಮ್ಯಾಚ್. ಮಾವ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಸುಗ್ಗಿಯಾಗ ಚೊಗರು ತುಳಿದ ಕಾಲು ಎಲ್ಲಿ ಇಡ್ತೀರಿ?’

ಪ್ರಶ್ನೆ ಸರಿಯಾದದ್ದೇ. ಸುಲಿದ ಅಡಿಕೆಯನ್ನು ಬೇಯಿಸಿದ ನೀರು ಕೆಂಪಗೆ ದಪ್ಪಗಾಗಿ ಚೊಗರಾಗುತ್ತದೆ. ಅದು ಪಂಚೆಗೆ ಹತ್ತಿದರೆ ಪಂಚೆಯ ಆಯಸ್ಸು ಮುಗಿಯುವ ತನಕ ಇರುತ್ತದೆ. ಹಂಡೆಯ ಹತ್ತಿರದಿಂದ ಎದ್ದ ಕಾಲು ತಾರಸಿಗೆ, ತಾರಸಿಯಿಂದ ಅಡುಗೆಮನೆಯ ನೀರಿಗೆ, ನೀರು ಕುಡಿದು ಟೀವಿಯ ಮುಂದಕ್ಕೆ ಹೋಗುತ್ತದೆ. ವಿಟ್ರಿಫೈಡಿನ ಮೈಗೆ ಕಲೆ ಅಷ್ಟಾಗಿ ಇಳಿಯುವುದಿಲ್ಲ, ಒರೆಸಿದರೆ ಹೋಗುತ್ತದೆ. ಜಾಯಿಂಟಿಗೆ ತುಂಬಿದ ಬಿಳಿ ಸಿಮೆಂಟು ಮಾತ್ರ ಮೊದಲ ಸುಗ್ಗಿಗೇ ಕೆಂಪಾಗುತ್ತದೆ. ಎಪಾಕ್ಸಿ ಗ್ರೌಟು ಹಾಕಿಸಿ, ಇಲ್ಲವೇ ಜಾಯಿಂಟಿಗೆ ಕಂದು ಬಣ್ಣ ಹಾಕಿಸಿ ಎಂದು ಮಾವ ಬಡಕೊಂಡರು. ಬೀಗರು ಒಪ್ಪಲಿಲ್ಲ. ಬಿಳಿಯೇ ಬಂತು. ಈಗ ಸುಗ್ಗಿಯಲ್ಲಿ ಆ ಮನೆಯ ನಡುಮನೆಗೆ ಹಳೆಯ ಜಮಖಾನ ಹಾಸುತ್ತಾರೆ, ಜಮಖಾನದ ಮೇಲೆ ಗೋಣಿಚೀಲ ಹಾಸುತ್ತಾರೆ. ಇಟಲಿಯನ್ನು ನೋಡಬೇಕಾದವರು ಗೋಣಿಚೀಲದ ಅಂಚು ಎತ್ತಿ ನೋಡಬೇಕು.

ನಡುಮನೆಯ ವಿಷಯದಲ್ಲಿ ಮಾವ ಸೋಲಬಲ್ಲರು. ಬಚ್ಚಲಿನ ವಿಷಯದಲ್ಲಿ ಮಾತ್ರ ಅವರ ಮುಖ ಗಂಭೀರವಾಗುತ್ತದೆ, ನಾನೂ ಇಲ್ಲಿ ಅವರ ಪಕ್ಷ. ಅಂಗಡಿಯಲ್ಲಿ ಎಲ್ಲರೂ ಬಚ್ಚಲಿನ ಗೋಡೆಗೆ ಒಂದು ತಾಸು, ನೆಲಕ್ಕೆ ಒಂದು ನಿಮಿಷ ಕೊಡುತ್ತಾರೆ. ಗೋಡೆಗೆ ಡಾಲ್ಫಿನ್ ಬೇಕೋ ಬಿದಿರಿನ ಎಲೆ ಬೇಕೋ ಎಂದು ವಾದ ನಡೆಯುತ್ತದೆ. ನೆಲಕ್ಕೆ ‘ಅದಕ್ಕೆ ಹೊಂದೋದು ಒಂದು ಕೊಡಪ್ಪ’ ಎಂದು ಮುಗಿಸುತ್ತಾರೆ. ಹೊಂದುವುದು ಎಂದರೆ ನುಣುಪಿನದ್ದು. ಆಗ ಮಾವ ಜರ್ಮನಿಗೆ ಹೋಗುತ್ತಾರೆ. ‘ಅಲ್ಲಿ ಟೈಲ್ಸ್ ಪಾಸ್ ಮಾಡಬೇಕಂದ್ರೆ ಇಳಿಜಾರು ಹಲಗೆಗೆ ಅದನ್ನ ಹಾಕಿ, ಎಣ್ಣೆ ಸುರಿದು, ಮನುಷ್ಯನ್ನ ನಡೆಸ್ತಾರೆ. ಹಲಗೆ ಎತ್ತುತಾ ಹೋಗ್ತಾರೆ. ಎಷ್ಟಕ್ಕೆ ಜಾರಿದ ಅನ್ನೋದರ ಮೇಲೆ ಆರ್ 9ರಿಂದ ಆರ್ 13ರ ತನಕ ನಂಬರ್ ಕೊಡ್ತಾರೆ. ನಾವೂ ಅದೇ ಪರೀಕ್ಷೆ ಮಾಡ್ತೀವಿ, ವರ್ಷಾ ಯುಗಾದಿ ಎಣ್ಣೆಸ್ನಾನದ ದಿನ, ಅಜ್ಜಿ ಮೇಲೆ.’

ಇಷ್ಟು ಹೇಳಿದ ಮೇಲೆ ಸಂತೇಬೆನ್ನೂರಿನ ಪುಷ್ಕರಣಿ ಬರಲೇಬೇಕು. ಚನ್ನಗಿರಿ ತಾಲ್ಲೂಕಿನ ಆ ಹೊಂಡವನ್ನು ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು 16ನೇ ಶತಮಾನದಲ್ಲಿ. ‘ನಾಯಕರು ಮೆಟ್ಲಿಗೆ ಪಾಲಿಷ್ ಹೊಡೆಸಿದ್ರಾ? ನೀರಿಗೆ ಇಳಿಯೋ ಕಾಲಿಗೆ ಉಳಿ ಪೆಟ್ಟಿನ ಕಲ್ಲೇ ಆಗಬೇಕು ಅಂತ ಅವರಿಗೆ ಗೊತ್ತಿತ್ತು.’ ಹೊಂಡದ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಒಮ್ಮೆ ಮಾವನೇ ಜಾರಿ ಕೂತದ್ದನ್ನು ಅತ್ತೆ ಈ ಹೊತ್ತಿಗೆ ಸರಿಯಾಗಿ ನೆನಪಿಸುತ್ತಾರೆ. ಅದು ಕಲ್ಲಿನ ತಪ್ಪಲ್ಲ, ಪಾಚಿಯದ್ದು ಎಂದು ಮಾವ ನಾಯಕರ ಮಾನ ಕಾಯುತ್ತಾರೆ.

ಬಚ್ಚಲಿಗೆ ಒಂದು-ಒಂದರ ಸಣ್ಣ ಮ್ಯಾಟ್ ಟೈಲ್ಸೇ ಆಗಬೇಕೆಂಬುದು ಅವರ ಕಾನೂನು. ದೊಡ್ಡ ಟೈಲ್ಸಿಗೆ ನಾಲ್ಕೂ ಕಡೆಯಿಂದ ಸ್ಲೋಪ್ ಕೊಡಲು ಬರುವುದಿಲ್ಲ. ಸಣ್ಣದರಲ್ಲಿ ಜಾಯಿಂಟು ಹೆಚ್ಚು, ಕಾಲಿಗೆ ಹಿಡಿತ ಹೆಚ್ಚು. ಸ್ಲೋಪ್ ನೋಡಲು ಮೇಸ್ತ್ರಿಯ ಹತ್ತಿರ ರಸಮಟ್ಟ ಇರುತ್ತದೆ. ಮಾವನ ಜೇಬಿನಲ್ಲಿ ಗೋಲಿ ಇರುತ್ತದೆ. ಕೆಲಸ ಮುಗಿಯಿತು ಎಂದು ಮೇಸ್ತ್ರಿ ಕೈತೊಳೆದ ಮೇಲೆ ಮಾವ ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತು, ಬಚ್ಚಲಿನ ಮೂಲೆಯಲ್ಲಿ ಗೋಲಿ ಬಿಡುತ್ತಾರೆ. ಮನೆಯವರು, ಮೇಸ್ತ್ರಿ, ಹೆಲ್ಪರ್ ಹುಡುಗರು ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಾರೆ. ಗೋಲಿ ಉರುಳಿ ಜಾಲರಿಯ ಮೇಲೆ ಹೋಗಿ ನಿಂತರೆ ಮೇಸ್ತ್ರಿಗೆ ಬಾಕಿ ಹಣ. ಬಾಗಿಲಿನ ಕಡೆ ಬಂದರೆ ಮೇಸ್ತ್ರಿ ಅಲ್ಲಿಂದಲೇ ಬೈಕ್ ಏರಿ ಎರಡು ದಿನ ಫೋನ್ ಎತ್ತುವುದಿಲ್ಲ. ಒಮ್ಮೆ ಗೋಲಿ ನಡುವೆ ನಿಂತುಬಿಟ್ಟಿತು. ಅದರ ವಿಚಾರಣೆ ಒಂದು ವಾರ ನಡೆಯಿತು.

ಜಗಳೂರಿನಲ್ಲಿ ಬಚ್ಚಲಿನ ಸಮಸ್ಯೆ ಬೇರೆ. ಸೊಸೆಯ ತವರಿನವರು ಗೋಡೆಗೆ ಕಪ್ಪು ಗ್ಲಾಸಿ ಆರಿಸಿದ್ದರು. ಯಾವುದೋ ಹೋಟೆಲಿನಲ್ಲಿ ನೋಡಿದ್ದರಂತೆ. ಮಾವ ಟೈಲ್ಸ್ ನೋಡದೆ ಮೊದಲು ನಲ್ಲಿಯ ಮೂತಿ ನೋಡಿದರು. ಬಿಳಿ ಹರಳು ಕಟ್ಟಿತ್ತು. ಬರದ ಸೀಮೆಯ ಆಳದ ಬೋರ್‌ವೆಲ್ಲಿನ ಗಡಸು ನೀರು ಅದು. ಅದು ಒಣಗಿದಲ್ಲೆಲ್ಲ ಸುಣ್ಣದ ರಂಗೋಲಿ ಬಿಡುತ್ತದೆ. ಕಪ್ಪಿನ ಮೇಲೆ ಆ ರಂಗೋಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಉಜ್ಜಲು ಆ್ಯಸಿಡ್ ಹಾಕಿದರೆ ಜಾಯಿಂಟಿನ ಸಿಮೆಂಟು ಕರಗುತ್ತದೆ. ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ ಬಂದಿದೆಯಲ್ಲ, ಇನ್ನು ನಮಗೂ ಹೊಳೆ ನೀರು ಎಂದು ಸೊಸೆಯ ಅಪ್ಪ ವಾದಿಸಿದರು. ‘ನಮ್ಮೂರ ಮುಂದೆ ಹರಿಯೋ ಹೊಳೆ ನಿಮ್ಮೂರ ಕೆರೆಗೆ ಬಂದಿದ್ದು ಸಂತೋಷ ಬೀಗ್ರೇ. ನಿಮ್ಮ ಬಚ್ಚಲಿನ ನಲ್ಲಿಗೆ ಬಂದ ದಿನ ಕಪ್ಪು ಹಾಕಿಸ್ರಿ’ ಎಂದು ಮಾವ ತಿಳಿಬೂದಿ ಬಣ್ಣದ ಮ್ಯಾಟನ್ನು ಮುಂದಿಟ್ಟರು. ಜಗಳೂರಿನವರು ಒಪ್ಪಿದರು. ಮಾವ ಗೆದ್ದ ಅಪರೂಪದ ಮನೆಗಳಲ್ಲಿ ಅದೊಂದು.

ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಅತ್ತೆಯ ಅಣ್ಣಂದಿರೂ ಅದೇ ಕಾಲಕ್ಕೆ ಬೇರೆಯಾದರು. ಹಳೆಯ ಹೆಂಚಿನ ಮನೆಯ ನಡುವೆ ಗೋಡೆ ಎದ್ದಿತು, ಕೆಂಪು ಗಾರೆಯ ನೆಲ ಎರಡು ಪಾಲಾಯಿತು. ದೊಡ್ಡವರು ಗಾರೆ ಕಿತ್ತು ಟೈಲ್ಸ್ ಹಾಕಿಸುತ್ತಾರೆಂದು ತಿಳಿದು ಮಾವ ಕರೆಯದಿದ್ದರೂ ಹೋದರು. ಅಂಗಳದಲ್ಲಿ ಇಳಿಸಿಟ್ಟ ಮಂಗಳೂರು ಹೆಂಚುಗಳನ್ನು ಕಂಡು ಒಂದೊಂದನ್ನೇ ಬೆರಳಿನಿಂದ ತಟ್ಟತೊಡಗಿದರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಇಟ್ಟಲ್ಲಿಂದ ಶುರುಮಾಡಿ, ತಲೆಯ ಮೇಲಿದ್ದ ಸುಟ್ಟ ಮಣ್ಣು ಕಾಲ ಕೆಳಗೆ ಬಂದ ಚರಿತ್ರೆಯನ್ನೆಲ್ಲ ಭಾವಮೈದುನರಿಗೆ ನಿಂತಲ್ಲೇ ಹೇಳಿದರು. ದೊಡ್ಡವರು ತಾಳ್ಮೆಯಿಂದ ಕೇಳಿ, ‘ಭಾವ, ತಮ್ಮ ಯಾವ ಬಣ್ಣ ಹಾಕಿಸ್ತಾನೆ ಅಂತ ಗೊತ್ತಾತಾ?’ ಅಂದರು. ಅವರಿಗೆ ಬೇಕಿದ್ದ ಮಾಹಿತಿ ಅದೊಂದೇ. ತಮ್ಮ ಹಾಕಿಸಿದ್ದರ ತದ್ವಿರುದ್ಧ ಹಾಕಿಸಿದರು. ಹೆಚ್ಚಿಗೆ ತಗೊಳ್ಳಿ ಎಂಬ ಮಾತಿಗೆ, ‘ಅಳತೆಗೆ ಸರಿಯಾಗಿ ಸಾಕು ಭಾವ’ ಅಂದರು.

ಅಡುಗೆಮನೆ, ದೇವರಕೋಣೆಗಳ ಬಗ್ಗೆ ಮಾವನ ಉಪನ್ಯಾಸ ಚಿಕ್ಕದು. ದೇವರಕೋಣೆಗೆ ಅಚ್ಚ ಬಿಳಿ ಬೇಡ, ಎಣ್ಣೆ ಮತ್ತು ಕುಂಕುಮ ಸೇರಿದರೆ ಜಾಯಿಂಟು ಹೋಯಿತು. ವಿಭೂತಿಗೆ ಕಪ್ಪೂ ಬೇಡ. ಒಲೆಯ ಹಿಂದಿನ ಗೋಡೆಗೆ ಉಬ್ಬು ಡಿಸೈನ್ ಬೇಡ, ಒಗ್ಗರಣೆಯ ಸಾಸಿವೆ ಅಲ್ಲಿ ಸಂಸಾರ ಹೂಡುತ್ತದೆ. ಇಷ್ಟಕ್ಕೇ ನಿಲ್ಲಿಸುತ್ತಾರೆ, ಏಕೆಂದರೆ ಆ ಎರಡು ಕೋಣೆಗೆ ಅವರು ಹೆಚ್ಚು ಕಾಲಿಟ್ಟವರಲ್ಲ.

ಮೂರು ತಾಸಿನ ಟೀ ಪರೀಕ್ಷೆ, ಕೀ ಪರೀಕ್ಷೆ, ಬಾಕ್ಸಿನ ಲೆಕ್ಕ ಎಲ್ಲ ಮುಗಿದ ಮೇಲೆ ನಿಜವಾದ ಆಯ್ಕೆ ನಡೆಯುತ್ತದೆ. ಮನೆಯೊಡತಿ ಅಲ್ಲಿತನಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಾಳೆ. ಎದ್ದು ಬಂದು ಗೋಡೆಗೆ ಒರಗಿಸಿದ ಸಾಲಿನ ಮುಂದೆ ಒಮ್ಮೆ ನಡೆಯುತ್ತಾಳೆ. ‘ಬಿಳೀದು ಬ್ಯಾಡ, ಒಂದು ಕೂದಲು ಬಿದ್ರೂ ಕಾಣ್ತತೆ. ಕಪ್ಪು ಬ್ಯಾಡ, ಧೂಳು ಕಾಣ್ತತೆ. ಈ ಗೀರುಗೀರಿನದು ಬ್ಯಾಡ, ಮಾಪು ಸಿಕ್ಕೊಳ್ತತೆ. ಅಗೋ ಆ ಚುಕ್ಕಿ ಚುಕ್ಕಿ ಬಿಸ್ಕತ್ ಬಣ್ಣದ್ದು ಹಾಕು.’ ಅಷ್ಟೆ. ಹುಡುಗ ಬಿಲ್ ಬರೆಯಲು ಹೋಗುತ್ತಾನೆ. ಡಬಲ್ ಚಾರ್ಜಿನಿಂದ ಜರ್ಮನಿಯ ತನಕ ಎಲ್ಲ ಬಲ್ಲ ಮಾವ ಒರೆಸುವವರು ಯಾರು ಎಂಬುದನ್ನು ಮಾತ್ರ ಯಾವ ಮನೆಯಲ್ಲೂ ಕೇಳಿದವರಲ್ಲ. ಬೀಗರ ಮನೆಯಲ್ಲೂ ಯಾರಾದರೂ ಅದನ್ನು ಕೇಳಿದ್ದರೆ ಆ ಇಟಲಿ ಬರುತ್ತಿರಲಿಲ್ಲ. ಅದನ್ನು ಒರೆಸುವವಳು ಮಾವನ ಮಗಳೇ.

ಗೃಹಪ್ರವೇಶದ ದಿನ ಮಾವ ಊಟದ ಪಂಕ್ತಿಗೆ ಕೂರುವುದಿಲ್ಲ. ಬಾಗಿಲ ಹತ್ತಿರ ನಿಂತು, ಬಂದವರು ನೆಲ ನೋಡುವ ತನಕ ಕಾಯುತ್ತಾರೆ. ‘ಟೈಲ್ಸ್ ಭಾಳ ಚೆನ್ನಾಗೈತಲ್ಲ, ಯಾರ ಸೆಲೆಕ್ಷನ್ನು?’ ಎಂದು ಯಾರಾದರೂ ಅಂದರೆ, ‘ನಮ್ದೇ’ ಎನ್ನುತ್ತಾರೆ. ಅದು ತಾವು ಮೂರು ತಾಸು ವಿರೋಧಿಸಿದ್ದ ಟೈಲ್ಸಾದರೂ ಉತ್ತರ ಅದೇ. ಆಮೇಲೆ ಹಿತ್ತಲಿಗೆ ಹೋಗಿ ಉಳಿದ ಬಾಕ್ಸುಗಳನ್ನು ಎಣಿಸುತ್ತಾರೆ. ‘ಎರಡು ಬಾಕ್ಸು ಅಟ್ಟದ ಮೇಲೆ ಇಟ್ಕೊಳ್ರಿ, ರಿಪೇರಿಗೆ ಬೇಕಾಗ್ತತೆ. ಈ ಬಿಡಿ ಪೀಸು ನಿಮಗ್ಯಾಕೆ, ಮಕ್ಕಳು ಕಾಲು ಕುಯ್ಕೊಂಡಾವು’ ಎಂದು ನಾಲ್ಕೈದನ್ನು ಕಾರಿನ ಡಿಕ್ಕಿಗೆ ಹಾಕಿಸುತ್ತಾರೆ. ಆತನಕ ಯಾರಿಂದಲೂ ಒಂದು ರೂಪಾಯಿ ಮುಟ್ಟದ ಮನುಷ್ಯ. ಬಿಡಿ ಪೀಸಿಗೆ ಯಾರು ಬೇಡ ಅನ್ನುತ್ತಾರೆ?

ಕಳೆದ ದೀಪಾವಳಿಗೆ ಹೊನ್ನಾಳಿಗೆ ಹೋದಾಗ ಕೈಕಾಲು ತೊಳೆಯಲು ಅವರ ಹಿತ್ತಲ ಬಚ್ಚಲಿಗೆ ಹೋದೆ. ನೆಲದಲ್ಲಿ ಒಂದರಂತೆ ಇನ್ನೊಂದಿಲ್ಲ. ಮೂಲೆಯಲ್ಲಿ ಇಟಲಿಯ ನರಗಳ ಚನ್ನಗಿರಿ, ಹಂಡೆಯ ಪಕ್ಕ ತಿಳಿಬೂದಿಯ ಜಗಳೂರು, ಬಾಗಿಲಿಂದ ಒಳಗೆಲ್ಲ ಹೊನ್ನಾಳಿಯ ಬಿಸ್ಕತ್ ಬಣ್ಣಗಳು, ಒಂದೊಂದು ಒಂದೊಂದು ದಪ್ಪ. ಗೋಲಿ ಬಿಟ್ಟರೆ ಯಾವ ಕಡೆಗೂ ಹೋಗಲು ಧೈರ್ಯ ಮಾಡದಂಥ ನೆಲ.

‘ಇಲ್ಲಿ ಎಚ್ಚರಿಕೆಯಿಂದ ಕಾಲಿಡಪ್ಪ’ ಎಂದು ಅತ್ತೆ ಹಿಂದಿನಿಂದ ಕೂಗಿದರು. ‘ಇಟಲಿದು ಜಾರ್ತತೆ, ಅದರ ಪಕ್ಕದ್ದು ಎಡವಸ್ತತೆ. ಬಳಗದವರದ್ದೆಲ್ಲ ತಂದು ಹಾಕಿದಾರೆ ನಿಮ್ಮ ಮಾವ. ನಮ್ಮ ತವರಿಂದು ಒಂದೇ ಒಂದು ತುಂಡೂ ಇಲ್ಲ, ನೋಡು.’

ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವ ತಲೆ ಎತ್ತಲಿಲ್ಲ.

‘ನಿಮ್ಮಣ್ಣಗೆ ಹತ್ತು ಪರ್ಸೆಂಟ್ ಜಾಸ್ತಿ ತಗೊಳ್ರಿ ಅಂತ ಬಡಕೊಂಡೆ, ಕೇಳಲಿಲ್ಲ. ಉಳಿದಿದ್ರೆ ತಾನೇ ತರೋಕೆ?’